ಕು ಕ್ಲಕ್ಸ್ ಕ್ಲಾನಿನ ಗ್ರಾಮಾವಶೇಷಗಳು: ಒಂದು ಪ್ರಾಮಾಣ್ಯವಿಚಾರ

ಅಮೆರಿಕಾ ಸಂಯುಕ್ತಸಂಸ್ಥಾನಗಳಲ್ಲಿ ಒಂದಾದ ಇಂಡಿಯಾನಾ ಪ್ರಾಂತದ ನಡುಭಾಗದಲ್ಲಿ, ರಾಜಧಾನಿಯಾದ ಇಂಡಿಯಾನಾಪೊಲಿಸ್ ನಗರಕ್ಕೆ ಉತ್ತರದಲ್ಲಿ, ಹ್ಯಾಮಿಲ್ಟನ್ ಎಂಬ ಕೌಂಟಿಯಿದೆ. ಕೌಂಟಿಯೆಂಬುದು ಆಡಳಿತದಲ್ಲಿ ನಮ್ಮ ಜಿಲ್ಲೆಯ ಸ್ಥಾನದಲ್ಲಿರುವ, ಆದರೆ ವಿಸ್ತಾರದಲ್ಲಿ ತಾಲ್ಲೂಕಿಗೆ ಸಮೀಪವಾದ ಭಾಗವೆಂದು ವಾಚಕರು ತಿಳಿಯಬಹುದು. ಇದರ ಮುಖ್ಯಸ್ಥಳವು ನೋಬಲ್ಸ್‌ವಿಲ್. ಇಂದು ಈ ಪ್ರದೇಶವು ಮಹಾನಗರದ ಹೊರವಲಯವಾಗಿ ಬೆಳೆದಿದೆಯಾದರೂ ೧೯೨೦ರ ದಶಕದಲ್ಲಿ ಇದು ಮುಸುಕಿನ ಜೋಳದ ಹೊಲಗಳ ನಡುವಣ ಒಂದು ಸಣ್ಣ ಪೇಟೆಯಾಗಿತ್ತು. ೧೯೯೫ನೆಯ ಇಸವಿಯಲ್ಲಿ ಇಲ್ಲಿಯ ಒಂದು ಹಳೆಯ ಕೊಟ್ಟಿಗೆಯಲ್ಲಿ ಪೆಟ್ಟಿಗೆಯೊಂದು ದೊರೆಯಿತು. ಅದರೊಳಗೆ ಕು ಕ್ಲಕ್ಸ್ ಕ್ಲಾನ್ ಎಂಬ ಗುಪ್ತಸಂಘದ ಸ್ಥಳೀಯ ಶಾಖೆಯ ಕಾಗದಪತ್ರಗಳಿದ್ದವು. ಸುಮಾರು ಸಾವಿರ ಮಂದಿ ಸದಸ್ಯರ ಹೆಸರುಗಳಿದ್ದವು. ಪೆಟ್ಟಿಗೆಯು ಕೌಂಟಿಯ ಇತಿಹಾಸಸಂಘದ ಕೈ ಸೇರಿತು. ಆ ಕೂಡಲೇ ಊರಿನಲ್ಲಿ ಒಂದು ವಿವಾದವೂ ಹುಟ್ಟಿತು. ಈ ಪೆಟ್ಟಿಗೆಯನ್ನೂ, ಇದೇ ಬಗೆಯ ಇತರ ಕೆಲವು ಗ್ರಾಮಾವಶೇಷಗಳನ್ನೂ ಮುದ್ರಿತ ಅಧ್ಯಯನಗಳ ಮೂಲಕ ಪರ್ಯಾಲೋಚಿಸಿ, ಅವು ಏನನ್ನು ಸಿದ್ಧಪಡಿಸುತ್ತವೆ, ಏನನ್ನು ಸಿದ್ಧಪಡಿಸಲಾರವು ಎಂಬುದನ್ನು ನಿರ್ಣಯಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಸಂಘದ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬೇಕು. ಅಮೆರಿಕಾದ ಅಂತರ್ಯುದ್ಧವು ೧೮೬೫ರಲ್ಲಿ ಮುಗಿದು ಗುಲಾಮರಾಗಿದ್ದ ಕಪ್ಪುಜನರು ಬಿಡುಗಡೆ ಹೊಂದಿದ ತರುವಾಯ, ೧೮೬೬ರ ಸುಮಾರಿಗೆ ಟೆನೆಸೀ ಪ್ರಾಂತದ ಪುಲಾಸ್ಕಿ ಎಂಬ ಊರಿನಲ್ಲಿ ಸೋತ ಪಕ್ಷದ ಕೆಲವು ಸೈನಿಕರು ಇದನ್ನು ಕಟ್ಟಿದರು. ವರ್ತುಲವೆಂಬ ಅರ್ಥವುಳ್ಳ ಕುಕ್ಲೋಸ್ ಎಂಬ ಗ್ರೀಕ್ ಶಬ್ದವನ್ನು ಒಡೆದು, ಕುಲವಾಚಕವಾದ ಕ್ಲಾನ್ ಶಬ್ದವನ್ನು ಅದಕ್ಕೆ ಜೋಡಿಸಿದರೆಂದು ವಿದ್ವಾಂಸರು ಹೇಳುವರು. ಈ ಗ್ರೀಕ್ ಶಬ್ದವು ನಮ್ಮ ಚಕ್ರಶಬ್ದದ ಸೋದರಿಯೆಂಬುದನ್ನು ಭಾಷಾಶಾಸ್ತ್ರಜ್ಞರು ಬಲ್ಲರು. ವಿನೋದದ ಕೂಟವೆಂದು ಹೇಳಿಕೊಂಡ ಇದು ಬೇಗನೆ ರಾತ್ರಿಯ ಹೊತ್ತು ಕಪ್ಪುಜನರನ್ನೂ ಅವರಿಗೆ ನೆರವಾದ ಬಿಳಿಯರನ್ನೂ ಹೊಡೆದು ಕೊಲ್ಲುವ ತಂಡವಾಯಿತು. ೧೮೭೧ರ ಕಾಯಿದೆಯಿಂದಲೂ ಅದನ್ನನುಸರಿಸಿದ ಬಂಧನಗಳಿಂದಲೂ ಮೊದಲನೆಯ ಸಂಘವು ಅಡಗಿತು. ೧೯೧೫ರಲ್ಲಿ ವಿಲಿಯಂ ಸಿಮನ್ಸ್ ಎಂಬಾತನು ಜಾರ್ಜಿಯಾ ಪ್ರಾಂತದ ಸ್ಟೋನ್ ಮೌಂಟನ್ ಬೆಟ್ಟದ ಮೇಲೆ ಶಿಲುಬೆಗೆ ಬೆಂಕಿಯಿಟ್ಟು ಇದನ್ನು ಮತ್ತೆ ಎಬ್ಬಿಸಿದನು. ನಾವು ವಿಚಾರಿಸಬೇಕಾದದ್ದು ಈ ಎರಡನೆಯ ಸಂಘವನ್ನೇ. ಇದರ ದ್ವೇಷವು ಕಪ್ಪುಜನರ ಮೇಲೆ ಮಾತ್ರ ನಿಲ್ಲದೆ, ಕ್ಯಾಥೊಲಿಕರು, ಯೆಹೂದ್ಯರು, ಹೊರದೇಶಗಳಿಂದ ಬಂದು ನೆಲಸಿದವರು ಇವರೆಲ್ಲರ ಮೇಲೂ ಹರಡಿತು. ದಕ್ಷಿಣದ ಪ್ರಾಂತಗಳನ್ನು ದಾಟಿ ಇಂಡಿಯಾನಾ, ಮಿಷಿಗನ್, ಆರೆಗನ್ ಮೊದಲಾದ ಕಡೆಗಳ ಪೇಟೆಗಳಲ್ಲಿಯೂ ಹಳ್ಳಿಗಳಲ್ಲಿಯೂ ಬೇರೂರಿತು.

ಇಷ್ಟು ವ್ಯಾಪ್ತಿಗೆ ಕಾರಣವು ದ್ವೇಷವೊಂದೇ ಅಲ್ಲ, ವ್ಯಾಪಾರವೂ ಹೌದು. ೧೯೨೦ರಲ್ಲಿ ಎಡ್ವರ್ಡ್ ಕ್ಲಾರ್ಕ್, ಎಲಿಜಬೆತ್ ಟೈಲರ್ ಎಂಬ ಇಬ್ಬರು ಪ್ರಚಾರವೃತ್ತಿಯವರು ಸದಸ್ಯರನ್ನು ಸೇರಿಸುವ ಗುತ್ತಿಗೆಯನ್ನು ಹಿಡಿದರು. ಪ್ರವೇಶಶುಲ್ಕವು ೧೦ ಡಾಲರ್. ಅದರಲ್ಲಿ ೪ ಡಾಲರ್ ಸದಸ್ಯನನ್ನು ಕರೆತಂದ ಪ್ರತಿನಿಧಿಗೆ ಸಲ್ಲುತ್ತಿತ್ತು. ಉಳಿದದ್ದು ಮೇಲುಮೇಲಿನ ಅಧಿಕಾರಿಗಳಲ್ಲಿ ಹಂಚಿಹೋಗುತ್ತಿತ್ತು. ೧೯೨೧ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ವರ್ಲ್ಡ್ ಪತ್ರಿಕೆಯು ಇದನ್ನೆಲ್ಲ ಬಯಲಿಗೆಳೆಯಿತು. ಆ ಬಳಿಕ ಸಂಘವು ಕುಗ್ಗುವುದಕ್ಕೆ ಬದಲಾಗಿ ಹಿಗ್ಗಿತು. ಪ್ರತಿನಿಧಿಗೆ ಕ್ಲೀಗಲ್, ಸಭಾಸ್ಥಾನಕ್ಕೆ ಕ್ಲೇವರ್ನ್, ವಿಧಿಗ್ರಂಥಕ್ಕೆ ಕ್ಲೋರನ್, ಕಾರ್ಯದರ್ಶಿಗೆ ಕ್ಲಿಗ್ರಾಪ್ ಎಂದು ಹೆಸರು. ಅನುಪ್ರಾಸವು ಇಷ್ಟು ಹೀನವಾದ ಕಾರ್ಯಕ್ಕೆ ಬೇರೆಲ್ಲಿಯೂ ದುಡಿದಿಲ್ಲವೆಂದು ತೋರುತ್ತದೆ.

ಈಗ ವಸ್ತುಗಳ ವಿಚಾರ. ಅಮೆರಿಕಾದ ಸಣ್ಣ ಊರುಗಳ ವಸ್ತುಸಂಗ್ರಹಾಲಯಗಳಲ್ಲಿ ಈ ಸಂಘದ ಅವಶೇಷವೆಂದರೆ ಪ್ರೇಕ್ಷಕರು ಮೊದಲು ನಿರೀಕ್ಷಿಸುವುದು ಬಿಳಿಯ ನಿಲುವಂಗಿಯನ್ನೂ ಕಣ್ಣಿಗೆ ಮಾತ್ರ ರಂಧ್ರವುಳ್ಳ ಚೂಪಾದ ಮುಸುಕನ್ನೂ. ಗಾಜಿನ ಹಿಂದೆ ನಿಂತ ಈ ಉಡುಪು ನೋಡುವವರಲ್ಲಿ ಭಯವನ್ನು ಹುಟ್ಟಿಸುವುದು ಸಹಜ. ಆದರೆ ಸಾಕ್ಷ್ಯವಾಗಿ ಇದು ದುರ್ಬಲವೆಂಬುದು ನಮ್ಮ ಅಭಿಪ್ರಾಯ. ಮೊದಲನೆಯ ಸಂಘದವರಿಗೆ ಇಂಥ ಸಮವಸ್ತ್ರವಿರಲಿಲ್ಲ. ೧೮೭೧ರಲ್ಲಿ ಅಮೆರಿಕಾದ ಶಾಸನಸಭೆಯ ಸಮಿತಿಯು ಸಂಗ್ರಹಿಸಿ ಮರುವರ್ಷ ಹದಿಮೂರು ಸಂಪುಟಗಳಲ್ಲಿ ಅಚ್ಚುಮಾಡಿಸಿದ ಹೇಳಿಕೆಗಳಲ್ಲಿ ಬಣ್ಣಬಣ್ಣದ ಮುಖವಾಡ, ಕೊಂಬು, ಹೆಂಗಸರ ಉಡುಪು ಮುಂತಾದ ನಾನಾ ವೇಷಗಳು ಕಾಣಬರುತ್ತವೆ. ಇಲೇನ್ ಫ್ರಾಂಟ್ಸ್ ಪಾರ್ಸನ್ಸ್ ಎಂಬ ವಿದುಷಿಯು ೨೦೧೫ರ ತನ್ನ ಗ್ರಂಥದಲ್ಲಿ ಇವುಗಳನ್ನು ವಿಸ್ತಾರವಾಗಿ ವಿಚಾರಿಸಿದ್ದಾಳೆ. ಏಕರೂಪವಾದ ಶುಭ್ರವೇಷವು ಥಾಮಸ್ ಡಿಕ್ಸನ್ ೧೯೦೫ರಲ್ಲಿ ಬರೆದ ಕಾದಂಬರಿಯ ಚಿತ್ರಗಳಿಂದಲೂ, ಅದನ್ನಾಧರಿಸಿ ಗ್ರಿಫಿತ್ ೧೯೧೫ರಲ್ಲಿ ತಯಾರಿಸಿದ ಚಲಚ್ಚಿತ್ರದಿಂದಲೂ ಬಂದದ್ದು. ಉರಿಯುವ ಶಿಲುಬೆಯೂ ಆ ಕಾದಂಬರಿಯ ಕಲ್ಪನೆಯೇ. ಆಮೇಲೆ ಆಟ್ಲಾಂಟಾ ನಗರದಲ್ಲಿ ಇವುಗಳನ್ನು ಹೊಲಿಯುವ ಕಾರ್ಖಾನೆ ಏರ್ಪಟ್ಟಿತು. ೧೯೨೫ರಲ್ಲಿ ನಿಲುವಂಗಿಗಳ ಮತ್ತು ಬಾವುಟಗಳ ಒಂದು ಸಚಿತ್ರ ಪಟ್ಟಿಯೂ ಅಚ್ಚಾಯಿತು. ಭರತನು ಆಹಾರ್ಯವೆಂದು ಕರೆದ ಅಭಿನಯವಿಭಾಗಕ್ಕೆ ಸೇರಿದ ವಸ್ತುವಿದು: ತೊಟ್ಟವನು ಯಾರೆಂಬುದನ್ನು ಮರೆಸುವುದೇ ಇದರ ಪ್ರಯೋಜನ. ಪ್ರೇಕ್ಷಕನು ಇದರ ಮುಂದೆ ನಿಂತು, ಇಂಥವರು ಬೇರೆಲ್ಲಿಂದಲೋ ಬಂದ ಭೂತಗಳಿರಬೇಕು, ತನ್ನ ಊರಿನವರಲ್ಲ, ಎಂದು ತಿಳಿದು ಹೋಗುತ್ತಾನೆ. ಮುಖವನ್ನು ಮರೆಮಾಡಲು ಹೊಲಿದ ಬಟ್ಟೆಯು ನೂರು ವರ್ಷ ಕಳೆದ ಮೇಲೂ ತನ್ನ ಕೆಲಸವನ್ನು ಬಿಟ್ಟಿಲ್ಲ.

ಇದಕ್ಕಿಂತ ಹೆಚ್ಚು ಹೇಳುವ ಒಂದು ಬಟ್ಟೆಯೂ ಉಂಟು. ಮಿಷಿಗನ್ ಪ್ರಾಂತದ ಚಿಕೋರಾ ಎಂಬ ಸಣ್ಣ ಊರಿನಲ್ಲಿ ೧೯೨೬ರ ಸುಮಾರಿಗೆ ಸಂಘದ ಹೆಂಗಸರು ಹಣ ಕೂಡಿಸುವುದಕ್ಕಾಗಿ ಹೊಲಿದ ಕೌದಿಯೊಂದು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದಲ್ಲಿದೆ. ಕಾರ್ಖಾನೆಯ ನಿಲುವಂಗಿಯಲ್ಲಿ ಊರಿನ ಕೈಯಿಲ್ಲ, ಕೌದಿಯಲ್ಲಿ ಇದೆ.

ಆದರೆ ಮುಖ್ಯವಾದ ಸಾಧನಗಳು ಕಾಗದಗಳೇ. ಸದಸ್ಯಪತ್ರ, ಚಂದಾ ಸಂದಾಯವಾದುದರ ರಸೀತಿ, ಸಭೆಯ ನಡವಳಿ — ಇವು ನೋಟಕ್ಕೆ ನೀರಸವಾದರೂ ಇತಿಹಾಸಕಾರನಿಗೆ ನಿಧಿ. ಸದಸ್ಯಪತ್ರವೆಂದರೆ ಒಬ್ಬ ಗೃಹಸ್ಥನು ಹಣ ತೆತ್ತು ಸೇರಿದನೆಂಬುದರ ಗುರುತು. ಹೀಗೆ ದೊರೆತ ಹೆಸರನ್ನು ಜನಗಣತಿಯ ಪಟ್ಟಿಯೊಡನೆ ಹೋಲಿಸಿದರೆ ಆತನ ವೃತ್ತಿ ತಿಳಿಯುತ್ತದೆ. ಚರ್ಚಿನ ದಾಖಲೆಯೊಡನೆ ಹೋಲಿಸಿದರೆ ಪಂಥ ತಿಳಿಯುತ್ತದೆ. ಮಿಷಿಗನ್ ಪ್ರಾಂತದ ಮೆಕಾಸ್ಟಾ ಎಂಬ ಗ್ರಾಮೀಣ ಕೌಂಟಿಯ ಸಂಘವನ್ನು ಕುರಿತು ಕ್ಯಾಲ್ವಿನ್ ಎಂಡರ್ಸ್ ೧೯೮೮ರಲ್ಲಿ ಪ್ರಕಟಿಸಿದ ಲೇಖನವೂ, ಇಂಡಿಯಾನಾವನ್ನು ಕುರಿತು ಲೆನರ್ಡ್ ಮೂರ್ ೧೯೯೧ರಲ್ಲಿ ಪ್ರಕಟಿಸಿದ ಗ್ರಂಥವೂ ಸದಸ್ಯರ ವೃತ್ತಾಂತವನ್ನು ಹೀಗೆ ಬಿಡಿಸಿ ನೋಡುವ ಮಾರ್ಗದವು. ಮೂರ್ ಕಂಡುಕೊಂಡದ್ದೇನೆಂದರೆ, ಇಂಡಿಯಾನಾದಲ್ಲಿ ಅಮೆರಿಕಾದಲ್ಲಿಯೇ ಹುಟ್ಟಿದ ಬಿಳಿಯ ಗಂಡಸರ ಪೈಕಿ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಈ ಸಂಘಕ್ಕೆ ಸೇರಿದ್ದರು. ನಾಲ್ಕು ಮನೆಗಳ ಬೀದಿಯಲ್ಲಿ ಒಂದು ಮನೆಯ ಯಜಮಾನ! ಇದು ಎಲ್ಲೋ ಅಡಗಿದ ದುಷ್ಟರ ಗುಂಪೆಂಬ ಮಾತು ಇದರ ಮುಂದೆ ನಿಲ್ಲಲಾರದು.

ನಡವಳಿಗಳ ಪೈಕಿ ಅತ್ಯಂತ ಸಮಗ್ರವಾದದ್ದು ಆರೆಗನ್ ಪ್ರಾಂತದ ಪೂರ್ವಭಾಗದಲ್ಲಿ ಲಾ ಗ್ರ್ಯಾಂಡ್ ಎಂಬ ರೈಲ್ವೆ ಪೇಟೆಯದು. ಬೆಟ್ಟಗಳ ನಡುವಣ ಕಣಿವೆಯಲ್ಲಿರುವ ಈ ಊರಿನಲ್ಲಿ ೧೯೨೨ರಿಂದ ೧೯೨೪ರವರೆಗೆ ಸಂಘದ ಸಭೆಗಳಲ್ಲಿ ನಡೆದುದನ್ನು ಕಾರ್ಯದರ್ಶಿಯು ವಾರವಾರವೂ ಬರೆದಿಟ್ಟನು. ಆ ಬರಹವು ಆರೆಗನ್ನಿನ ಇತಿಹಾಸಸಂಘದಲ್ಲಿ ಉಳಿದು, ೧೯೯೯ರಲ್ಲಿ ಡೇವಿಡ್ ಹೊರೊವಿಟ್ಸ್ ಎಂಬ ವಿದ್ವಾಂಸನಿಂದ ಸಂಪಾದಿತವಾಗಿ ಪ್ರಕಟವಾಯಿತು. ಓದಿದವರಿಗೆ ಆಶ್ಚರ್ಯವಾಗುವುದು ಅದರ ಸಾಮಾನ್ಯತೆ. ಹೊಸಬರ ದೀಕ್ಷೆ, ಕಾಯಿಲೆ ಬಿದ್ದ ಸದಸ್ಯನನ್ನು ನೋಡಿಬರುವ ಏರ್ಪಾಡು, ಚರ್ಚಿಗೆ ದೇಣಿಗೆ. ಅದೇ ಪುಟಗಳಲ್ಲಿ ಕ್ಯಾಥೊಲಿಕ್ ವರ್ತಕರ ಅಂಗಡಿಗೆ ಹೋಗಕೂಡದೆಂಬ ಕಟ್ಟಳೆ, ಶಾಲೆಯ ಉಪಾಧ್ಯಾಯರು ಯಾವ ಮತದವರೆಂಬ ವಿಚಾರಣೆ, ಚೀನೀಯರ ಉಪಾಹಾರಗೃಹಗಳ ಮೇಲಣ ಅಸಹನೆ. ದಯೆಯೂ ದ್ವೇಷವೂ ಒಂದೇ ಲೇಖನಿಯಿಂದ, ಒಂದೇ ಧ್ವನಿಯಲ್ಲಿ ಬರೆಯಲ್ಪಟ್ಟಿವೆ.

ಆರೆಗನ್ನಿನಲ್ಲಿ ಕಪ್ಪುಜನರೇ ವಿರಳ. ೧೮೫೭ರ ರಾಜ್ಯಘಟನೆಯು ಅವರು ಅಲ್ಲಿ ಬಂದು ನೆಲಸಕೂಡದೆಂದು ವಿಧಿಸಿತ್ತು. ಆ ವಾಕ್ಯವನ್ನು ತೆಗೆದುಹಾಕಿದ್ದು ೧೯೨೬ರಲ್ಲಿ. ಆದುದರಿಂದ ಅಲ್ಲಿಯ ಸಂಘವು ಕ್ಯಾಥೊಲಿಕರ ಮೇಲೆ ತಿರುಗಿತು. ಎಂಟರಿಂದ ಹದಿನಾರು ವರ್ಷದವರೆಗಿನ ಮಕ್ಕಳೆಲ್ಲರೂ ಸರ್ಕಾರೀ ಶಾಲೆಗೇ ಹೋಗಬೇಕು, ಎಂದರೆ ಕ್ಯಾಥೊಲಿಕ್ ಶಾಲೆಗಳು ಮುಚ್ಚಿಹೋಗಬೇಕು, ಎಂಬ ಮಸೂದೆಯು ೧೯೨೨ರ ನವೆಂಬರಿನಲ್ಲಿ ಜನರ ಮುಂದೆ ಬಂದು, ೧,೦೩,೬೮೫ಕ್ಕೆ ಪ್ರತಿಯಾಗಿ ೧,೧೫,೫೦೬ ಮತಗಳಿಂದ ಗೆದ್ದಿತು. ಸಂಘವು ಇದಕ್ಕಾಗಿ ಬಲವಾಗಿ ದುಡಿಯಿತು. ೧೯೨೫ರ ಜೂನ್ ೧ರಂದು ಅಮೆರಿಕಾದ ಪರಮೋಚ್ಚ ನ್ಯಾಯಾಲಯವು ಆ ಕಾಯಿದೆಯನ್ನು ರದ್ದುಪಡಿಸಿತು. ಭಾರತೀಯ ವಾಚಕರು ಇಲ್ಲಿ ಇನ್ನೊಂದು ಸಂಗತಿಯನ್ನು ನೆನೆಯಬಹುದು. ಗದರ್ ಪಕ್ಷದ ಮೊದಲ ಸಭೆಗಳಲ್ಲೊಂದು ೧೯೧೩ರಲ್ಲಿ ನಡೆದದ್ದು ಇದೇ ಪ್ರಾಂತದ ಆಸ್ಟೋರಿಯಾದಲ್ಲಿ. ಇದೇ ಪ್ರಾಂತದಲ್ಲಿ ವಾಸವಾಗಿದ್ದು ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕಾದ ಸೈನ್ಯವನ್ನು ಸೇರಿದ್ದ ಭಗತ್ ಸಿಂಗ್ ಥಿಂಡ್ ಎಂಬ ಸಿಖ್ಖನಿಗೆ ಆರೆಗನ್ನಿನ ಜಿಲ್ಲಾ ನ್ಯಾಯಾಧೀಶರು ೧೯೨೦ರಲ್ಲಿ ಪೌರತ್ವವನ್ನು ಕೊಟ್ಟರು. ಪರಮೋಚ್ಚ ನ್ಯಾಯಾಲಯವು ೧೯೨೩ರ ಫೆಬ್ರವರಿಯಲ್ಲಿ ಅದಕ್ಕೆ ಅವನು ಅರ್ಹನಲ್ಲವೆಂದು ತೀರ್ಪಿತ್ತಿತು. ಈ ತೀರ್ಪು ಕ್ಲಾನಿನ ಕೃತಿಯಲ್ಲ. ಆದರೆ ಕಾಲಧರ್ಮವು ಒಂದೇ. ತಾನು ಆರ್ಯನೆಂದೂ ಉಚ್ಚವರ್ಣದವನೆಂದೂ ಥಿಂಡನು ವಾದಿಸಿದನೆಂಬುದು ಸಂಸ್ಕೃತಾಭ್ಯಾಸಿಗಳು ತುಸು ನಾಚಿ ಯೋಚಿಸಬೇಕಾದ ವಿಷಯ. ನಡತೆಯನ್ನು ಹೇಳುತ್ತಿದ್ದ ಶಬ್ದವನ್ನು ಮೈಯ ರಕ್ತಕ್ಕೆ ಅಂಟಿಸಿದ ಪಶ್ಚಿಮದ ಪಂಡಿತರ ತರ್ಕವನ್ನೇ ಆತನೂ ಹಿಡಿದನು, ಅದರಿಂದ ರಕ್ಷಣೆಯನ್ನು ಪಡೆಯಲಿಲ್ಲ.

ಇನ್ನು ಪ್ರಾಮಾಣ್ಯದ ಮುಖ್ಯ ಪ್ರಶ್ನೆ. ಈ ಕಾಗದಗಳಲ್ಲಿ ಹೊಡೆತ, ಕೊಲೆ, ಬೆಂಕಿಯಿಡುವುದು ಬಹಳ ವಿರಳ, ಅಥವಾ ಇಲ್ಲವೇ ಇಲ್ಲ. ಇದನ್ನು ನೋಡಿ ಕೆಲವರು, ಗ್ರಾಮೀಣ ಕ್ಲಾನ್ ಬಹುಮಟ್ಟಿಗೆ ಊರಿನ ಸುಧಾರಣೆ, ಪಾನನಿರೋಧ, ಸಹಭೋಜನಗಳ ಕೂಟವಾಗಿತ್ತೆಂದು ಹೇಳತೊಡಗಿದರು. ಮೂರ್ ಮಹಾಶಯನ ಗ್ರಂಥವು ಅಷ್ಟು ದೂರ ಹೋಗದಿದ್ದರೂ ಒಲವು ಆ ಕಡೆಗೇ ಇದೆ. ನಮಗೆ ಇದು ಸಮ್ಮತವಲ್ಲ. ಮೀಮಾಂಸಕರಲ್ಲಿ ಭಾಟ್ಟರೂ, ವೇದಾಂತಿಗಳಲ್ಲಿ ಅದ್ವೈತಿಗಳೂ ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವಾಗಿ ಒಪ್ಪುವರು: ನೆಲದ ಮೇಲೆ ಮಡಕೆಯು ಕಾಣದಿದ್ದರೆ ಮಡಕೆಯಿಲ್ಲವೆಂದು ತಿಳಿಯಬಹುದು. ಆದರೆ ಇದಕ್ಕೊಂದು ನಿಯಮವಿದೆ. ಮಡಕೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಯೋಗ್ಯತೆ ಇರಬೇಕು. ಕತ್ತಲೆಯ ಕೋಣೆಯಲ್ಲಿ ಮಡಕೆ ಕಾಣದಿದ್ದರೆ ಅದು ಇಲ್ಲವೆಂದಾಗದು. ಗೋಪ್ಯದ ಪ್ರತಿಜ್ಞೆಯನ್ನು ಮಾಡಿದ ಕಾರ್ಯದರ್ಶಿಯು ರಾತ್ರಿಯ ಕೃತ್ಯವನ್ನು ನಡವಳಿಯಲ್ಲಿ ಬರೆಯುವನೆಂದು ನಿರೀಕ್ಷಿಸುವುದು ಯುಕ್ತವೆ? ಆದುದರಿಂದ ನಡವಳಿಯಲ್ಲಿ ಹಿಂಸೆಯ ಅನುಪಲಬ್ಧಿಯು ಹಿಂಸೆಯ ಅಭಾವಕ್ಕೆ ಪ್ರಮಾಣವಾಗಲಾರದು. ಅದರಂತೆಯೇ, ಬರೆಯದೆ ಬಿಟ್ಟಿದ್ದರಿಂದ ಹಿಂಸೆ ನಡೆದೇ ಇರಬೇಕೆಂದು ಊಹಿಸುವುದೂ ಸಲ್ಲದು. ಕಾಗದವು ಈ ವಿಷಯದಲ್ಲಿ ಮೂಕವಷ್ಟೆ.

ಅಲ್ಲದೆ ಹಿಂಸೆಯೆಂದರೆ ರಕ್ತವೇ ಆಗಬೇಕಾಗಿಲ್ಲ. ಕ್ಯಾಥ್ಲೀನ್ ಬ್ಲೀ ಎಂಬ ವಿದುಷಿಯು ೧೯೯೧ರ ತನ್ನ ಗ್ರಂಥದಲ್ಲಿ ಇಂಡಿಯಾನಾದ ಸ್ತ್ರೀಯರ ಕ್ಲಾನನ್ನು ಕುರಿತು ವಿಚಾರಿಸಿದಳು. ಆಕೆ ಮಾತಾಡಿಸಿದ ವೃದ್ಧೆಯರಲ್ಲಿ ಅನೇಕರು ಅದನ್ನು ಊಟ, ಮೆರವಣಿಗೆ, ಗೆಳೆತನದ ಕಾಲವೆಂದು ಸಂತೋಷದಿಂದಲೇ ನೆನೆದರು. ಆದರೆ ಕಿವಿಯಿಂದ ಕಿವಿಗೆ ಹರಡಿದ ಅಪವಾದದಿಂದಲೂ ಬಹಿಷ್ಕಾರದಿಂದಲೂ ಯೆಹೂದ್ಯ ಮತ್ತು ಕ್ಯಾಥೊಲಿಕ್ ವರ್ತಕರ ವ್ಯಾಪಾರ ಮುರಿದು, ಉಪಾಧ್ಯಾಯರು ಕೆಲಸ ಕಳೆದುಕೊಂಡು, ಕುಟುಂಬಗಳು ಊರು ಬಿಟ್ಟವೆಂಬುದನ್ನೂ ಆಕೆ ತೋರಿಸಿದ್ದಾಳೆ. ಮೂರ್, ಬ್ಲೀ ಇಬ್ಬರೂ ಒಂದೇ ಪ್ರಾಂತವನ್ನು ಒಂದೇ ವರ್ಷ ಪ್ರಕಟವಾದ ಗ್ರಂಥಗಳಲ್ಲಿ ವರ್ಣಿಸಿದ್ದಾರೆ. ಪಟ್ಟಿಯನ್ನು ಓದುವುದರ ಜೊತೆಗೆ ಜನರ ಬಾಯನ್ನೂ ಕೇಳಿದ ಬ್ಲೀಯ ಮಾರ್ಗವೇ ನಮಗೆ ಹೆಚ್ಚು ಗ್ರಾಹ್ಯವಾಗಿ ತೋರುತ್ತದೆ.

ಹ್ಯಾಮಿಲ್ಟನ್ ಕೌಂಟಿಗೆ ಹಿಂದಿರುಗೋಣ. ಅಲ್ಲಿಯ ಇತಿಹಾಸಸಂಘದ ವಸ್ತುಸಂಗ್ರಹಾಲಯವಿರುವುದು ನ್ಯಾಯಾಲಯದ ಚೌಕದಲ್ಲಿರುವ ಹಳೆಯ ಷೆರೀಫನ ವಸತಿ ಮತ್ತು ಸೆರೆಮನೆಯಲ್ಲಿ. ಇಂಡಿಯಾನಾದ ಕ್ಲಾನಿಗೆ ನಾಯಕನಾಗಿ ಮೆರೆದ ಡಿ. ಸಿ. ಸ್ಟೀವನ್ಸನ್ ಎಂಬಾತನು ೧೯೨೫ರಲ್ಲಿ ಈ ಸೆರೆಮನೆಯಲ್ಲಿಯೇ ಇದ್ದನು. ಆತನು ಮ್ಯಾಡ್ಜ್ ಓಬರ್‌ಹೋಲ್ಟ್ಸರ್ ಎಂಬ ತರುಣಿಯನ್ನು ೧೯೨೫ರ ಮಾರ್ಚಿಯಲ್ಲಿ ಅಪಹರಿಸಿ ಕ್ರೂರವಾಗಿ ಹಿಂಸಿಸಿದನು. ಆಕೆ ಹತಾಶೆಯಿಂದ ವಿಷವನ್ನು ಸೇವಿಸಿ, ಏಪ್ರಿಲ್ ೧೪ರಂದು ತೀರಿಕೊಂಡಳು. ಸಾಯುವ ಮುನ್ನ ಆಕೆ ಕೊಟ್ಟ ಹೇಳಿಕೆಯನ್ನು ನ್ಯಾಯಾಲಯವು ಸಾಕ್ಷ್ಯವಾಗಿ ಸ್ವೀಕರಿಸಿತು. ವಿಚಾರಣೆಯು ಇಂಡಿಯಾನಾಪೊಲಿಸಿನಿಂದ ನೋಬಲ್ಸ್‌ವಿಲ್ಲಿಗೆ ವರ್ಗವಾಗಿ, ನವೆಂಬರ್ ೧೪ರಂದು ಜ್ಯೂರಿಯು ಆತನನ್ನು ಎರಡನೆಯ ದರ್ಜೆಯ ಕೊಲೆಯ ಅಪರಾಧಿಯೆಂದು ನಿರ್ಣಯಿಸಿತು. ಆಜೀವ ಕಾರಾಗೃಹವಾಸವು ವಿಧಿಸಲ್ಪಟ್ಟಿತು. ಕ್ಷಮಾಪಣೆ ದೊರೆಯದೆ ರೋಷಗೊಂಡ ಸ್ಟೀವನ್ಸನ್ನು ತಾನು ಬಚ್ಚಿಟ್ಟಿದ್ದ ಪತ್ರಗಳನ್ನು ಹೊರಗೆಡಹಿದ್ದರಿಂದ ಪ್ರಾಂತದ ಅಧಿಕಾರಿಗಳು ಬೆತ್ತಲಾದರು. ಗವರ್ನರನಾಗಿದ್ದ ಎಡ್ ಜಾಕ್ಸನ್ ೧೯೨೮ರಲ್ಲಿ ಲಂಚದ ಆಪಾದನೆಗೆ ಗುರಿಯಾಗಿ, ಕಾಲಮಿತಿ ಕಳೆದುಹೋಗಿತ್ತೆಂಬ ಕಾರಣದಿಂದ ತಪ್ಪಿಸಿಕೊಂಡನು. ಸಂಘವು ಇಂಡಿಯಾನಾದಲ್ಲಿ ಬೇಗಬೇಗನೆ ಕರಗಿತು. ಯಾವ ಕೌಂಟಿಯಲ್ಲಿ ಇಷ್ಟೊಂದು ಸದಸ್ಯರಿದ್ದರೋ ಅದೇ ಕೌಂಟಿಯ ಜ್ಯೂರಿಯು ಅದರ ನಾಯಕನನ್ನು ಅಪರಾಧಿಯೆಂದು ಸಾರಿತು ಎಂಬುದು ಲಕ್ಷ್ಯಕ್ಕೆ ತರತಕ್ಕ ವಿಷಯ. ಆ ಊರಿನವರಿಗೆ ಇಂದು ಹೇಳಿಕೊಳ್ಳಲು ಹಿತವಾದ ಕಥೆಯೂ ಇದೇ. ಪೆಟ್ಟಿಗೆಯು ಹೇಳುವ ಕಥೆ ಅಷ್ಟು ಹಿತವಲ್ಲ.

ಪೆಟ್ಟಿಗೆ ದೊರೆತಾಗ ಎದ್ದ ಪ್ರಶ್ನೆಯು ಇದು: ಹೆಸರುಗಳನ್ನು ಸುಡಬೇಕೆ, ಮುಚ್ಚಿಡಬೇಕೆ, ಪ್ರಕಟಿಸಬೇಕೆ? ಸದಸ್ಯರ ಮಕ್ಕಳು ಮೊಮ್ಮಕ್ಕಳು ಅದೇ ಬೀದಿಗಳಲ್ಲಿದ್ದರು. ಇತಿಹಾಸವನ್ನು ಸುಡಲಾಗದೆಂಬ ಅರ್ಥದ ಶಿರೋನಾಮೆಯಿಂದ ಅಲನ್ ಸಫಿಯನೌ ೨೦೦೪ರಲ್ಲಿ ಇಂಡಿಯಾನಾದ ಇತಿಹಾಸಪತ್ರಿಕೆಯಲ್ಲಿ ಈ ವಿವಾದವನ್ನು ವಿಸ್ತಾರವಾಗಿ ನಿರೂಪಿಸಿದ್ದಾನೆ. ಮಿಷಿಗನ್ನಿನ ಕ್ಲಾರ್ಕ್ ಇತಿಹಾಸ ಗ್ರಂಥಾಲಯವು ಇಂಥ ಪತ್ರಗಳನ್ನು ಬೆಲೆಗೆ ಕೊಂಡಾಗಲೂ ಆಕ್ಷೇಪಗಳು ಬಂದವೆಂಬುದನ್ನು ಅದರ ನಿರ್ದೇಶಕನಾದ ಫ್ರಾಂಕ್ ಬೋಲ್ಸ್ ೧೯೯೪ರಲ್ಲಿ ಬರೆದಿದ್ದಾನೆ. ದ್ವೇಷದ ವಸ್ತುಗಳಿಗೆ ಹಣ ಕೊಟ್ಟರೆ ದ್ವೇಷಕ್ಕೆ ಬೆಲೆ ಕಟ್ಟಿದಂತಾಗದೆ ಎಂಬುದು ಅಲ್ಲಗಳೆಯತಕ್ಕ ಆಕ್ಷೇಪವೇನಲ್ಲ. ಆದರೆ ಗ್ರಂಥಾಲಯವು ಕೊಳ್ಳದಿದ್ದರೆ ಅವು ಯಾರ ಕೈ ಸೇರುತ್ತಿದ್ದವೆಂಬುದನ್ನೂ ಯೋಚಿಸಬೇಕು.

ಹೆಸರುಗಳ ವಿಷಯದಲ್ಲಿ ನಮ್ಮ ಅಭಿಪ್ರಾಯವು ಸ್ಪಷ್ಟ. ಗೋಪ್ಯವು ಆ ಸಂಘದ ಪ್ರತಿಜ್ಞೆ, ಇತಿಹಾಸಸಂಘದ ಪ್ರತಿಜ್ಞೆಯಲ್ಲ. ಸದಸ್ಯರೆಲ್ಲ ಗತಿಸಿದ ಬಳಿಕವೂ ಪಟ್ಟಿಗೆ ಬೀಗ ಹಾಕಿಟ್ಟರೆ, ಹಾಕಿದವರು ಅರಿಯದೆಯೇ ಆ ಹಳೆಯ ಪ್ರತಿಜ್ಞೆಯನ್ನು ಪಾಲಿಸಿದಂತಾಗುತ್ತದೆ. ಹಾಗೆಂದು ಬರಿಯ ಹೆಸರುಗಳ ಪಟ್ಟಿಯನ್ನು ಗೋಡೆಗೆ ಅಂಟಿಸುವುದೂ ತರವಲ್ಲ. ನಮ್ಮ ದಾನಶಾಸನಗಳಲ್ಲಿ ಸಾಕ್ಷಿಗಳ ಹೆಸರನ್ನು ಕೆತ್ತಿಸುವುದು ಅವರು ಆ ಕಾರ್ಯಕ್ಕೆ ಹೊಣೆಯೆಂದು ಸಾರುವುದಕ್ಕಾಗಿ. ಇಲ್ಲಿ ಹೆಸರನ್ನು ಬರೆದದ್ದು ಚಂದಾ ವಸೂಲಿಗಾಗಿ. ಮೂರು ತಿಂಗಳು ಚಂದಾ ಕೊಟ್ಟು ಬಿಟ್ಟವನೂ, ಮೂರು ವರ್ಷ ಮುಂದಾಳಾಗಿದ್ದವನೂ ಪಟ್ಟಿಯಲ್ಲಿ ಸಮಾನರಾಗಿ ಕಾಣುತ್ತಾರೆ. ಆದುದರಿಂದ ಪ್ರತಿಯೊಂದು ಹೆಸರಿನೊಡನೆ ಸೇರಿದ ಕಾಲ, ಸಂದಾಯ, ಬಿಟ್ಟ ಕಾಲ ಇವುಗಳನ್ನು ಕೊಟ್ಟು, ಸೇರಿದ್ದನ್ನು ಮಾತ್ರ ಸಿದ್ಧವೆಂದೂ ಕೃತ್ಯವನ್ನು ಅಸಿದ್ಧವೆಂದೂ ಬಿಡಿಸಿ ಹೇಳಿ, ಕೇಳಿದವರಿಗೆಲ್ಲ ತೆರೆದಿಡುವುದು ಯುಕ್ತ. ವಂಶಜರಿಗೆ ನೋವಾಗುವುದಿಲ್ಲವೆ ಎಂದರೆ ಆಗುತ್ತದೆ. ಆದರೆ ಅಂಗಡಿ ಮುಚ್ಚಿ ಊರು ಬಿಟ್ಟವರ ವಂಶಜರ ನೋವನ್ನು ಈ ತಕ್ಕಡಿಯಲ್ಲಿ ಇಡುವವರು ಕಡಮೆ. ಏಕೆಂದರೆ ಅವರು ಆ ಊರಿನಲ್ಲಿಲ್ಲ.

ವಸ್ತುಗಳನ್ನು ಹೇಗೆ ತೋರಿಸಬೇಕೆಂಬುದಕ್ಕೆ ಒಂದು ಮೇಲ್ಪಂಕ್ತಿ ಮೆಕಾಸ್ಟಾ ಕೌಂಟಿಯಲ್ಲಿಯೇ ಇದೆ. ಅದರ ಮುಖ್ಯಸ್ಥಳವಾದ ಬಿಗ್ ರ್ಯಾಪಿಡ್ಸ್ ಊರಿನ ಫೆರಿಸ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ, ಕಪ್ಪುಜನರನ್ನು ಹೀಯಾಳಿಸುವ ಸಾವಿರಾರು ನಿತ್ಯೋಪಯೋಗಿ ವಸ್ತುಗಳನ್ನು ಕೂಡಿಸಿದ ಜಿಮ್ ಕ್ರೋ ವಸ್ತುಸಂಗ್ರಹಾಲಯವಿದೆ. ಸಮಾಜಶಾಸ್ತ್ರದ ಪ್ರಾಧ್ಯಾಪಕನೂ ಸ್ವತಃ ಕಪ್ಪುಜನರಲ್ಲೊಬ್ಬನೂ ಆದ ಡೇವಿಡ್ ಪಿಲ್‌ಗ್ರಿಮ್ ತನ್ನ ಸಂಗ್ರಹವನ್ನು ೧೯೯೬ರಲ್ಲಿ ದಾನಮಾಡಿ ಇದನ್ನು ಕಟ್ಟಿದನು; ೨೦೧೨ರಲ್ಲಿ ವಿಶಾಲವಾದ ಹೊಸ ಸ್ಥಾನದಲ್ಲಿ ಇದು ತೆರೆಯಿತು. ಅಲ್ಲಿ ಅಡಿಗೆಮನೆಯ ಡಬ್ಬಿ, ಮಕ್ಕಳ ಆಟಿಕೆ, ಅಂಚೆಯ ಚಿತ್ರಪತ್ರಗಳ ಸಾಲಿನಲ್ಲಿ ಕ್ಲಾನಿನ ನಿಲುವಂಗಿಯೂ ನಿಂತಿದೆ. ಒಂಟಿಯಾಗಿ ನಿಂತಾಗ ಭೂತವಾಗಿ ಕಾಣುವ ಉಡುಪು ಈ ಸಾಲಿನಲ್ಲಿ 'ಮನೆಬಳಕೆಯ ಸಾಮಾನು' ಎಂದು ಗುರುತು ಸಿಕ್ಕಿಬಿಡುತ್ತದೆ.

ನೋಬಲ್ಸ್‌ವಿಲ್ಲಿನ ಪೆಟ್ಟಿಗೆಯನ್ನು ಓದುವವರು ಅದರ ಪಕ್ಕದಲ್ಲಿ ಇಟ್ಟುಕೊಳ್ಳಬೇಕಾದ ಇನ್ನೊಂದು ಸಾಧನವು ಅದೇ ಕೌಂಟಿಯಲ್ಲಿದೆ. ಅದರ ಉತ್ತರಭಾಗದಲ್ಲಿ ೧೮೩೦ರ ದಶಕದಲ್ಲಿಯೇ, ಎಂದರೆ ಗುಲಾಮಗಿರಿಯು ಇನ್ನೂ ಇದ್ದ ಕಾಲದಲ್ಲಿ, ದಕ್ಷಿಣದಿಂದ ಬಂದ ಸ್ವತಂತ್ರ ಕಪ್ಪುಜನರ ಕುಟುಂಬಗಳು ಕಾಡು ಕಡಿದು ಹೊಲಮಾಡಿ ರಾಬರ್ಟ್ಸ್ ಸೆಟಲ್‌ಮೆಂಟ್ ಎಂಬ ಗ್ರಾಮವನ್ನು ಕಟ್ಟಿದವು. ಸ್ಟೀಫನ್ ವಿನ್ಸೆಂಟ್ ೧೯೯೯ರಲ್ಲಿ ಇದರ ಇತಿಹಾಸವನ್ನು ಬರೆದಿದ್ದಾನೆ. ೧೯೨೦ರ ದಶಕದ ಹೊತ್ತಿಗೆ ಮಕ್ಕಳು ಪಟ್ಟಣಗಳಿಗೆ ಹೊರಟುಹೋಗಿ ಗ್ರಾಮವು ಕ್ಷೀಣಿಸಿತ್ತು. ೧೯೨೩ರ ಜುಲೈ ೪ರಂದು, ಅಲ್ಲಿಗೆ ಉತ್ತರದಲ್ಲಿ ಬಹುದೂರವಲ್ಲದ ಕೊಕೊಮೊ ಊರಿನಲ್ಲಿ ಕ್ಲಾನಿನ ಮಹಾಮೇಳವು ನೆರೆಯಿತು. ಎರಡು ಲಕ್ಷ ಜನ ಸೇರಿದ್ದರೆಂದು ಅವರೇ ಹೇಳಿಕೊಂಡರು. ಇತಿಹಾಸಕಾರರು ಅಷ್ಟನ್ನು ಒಪ್ಪುವುದಿಲ್ಲ. ರಾಬರ್ಟ್ಸ್ ಗ್ರಾಮದಲ್ಲಿ ಈಗ ಉಳಿದಿರುವುದು ಒಂದು ಮರದ ಪ್ರಾರ್ಥನಾಮಂದಿರ ಮತ್ತು ಅದರ ಬಳಿಯ ಸಮಾಧಿಗಳು. ಅಲ್ಲಿಂದ ಹೊರಟುಹೋದವರ ವಂಶಜರು ೧೯೨೦ರ ದಶಕದಿಂದಲೂ ಜುಲೈ ೪ರ ಹಬ್ಬದ ಸಮಯದಲ್ಲಿ ಆ ಮಂದಿರದ ಮುಂದೆ ಬಂದು ಸೇರುವ ಪದ್ಧತಿಯನ್ನು ನಡೆಸಿಕೊಂಡು ಬಂದಿದ್ದಾರೆ.